ಬೆಂಕಿಪೊಟ್ಟಣದಷ್ಟು ಜಾಗ

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಮೊದಲು ಕಣ್ಣಿಗೆ ಬೀಳುತ್ತಿತ್ತು, ಆಮೇಲೆ ಅವರು. ಉಳಿದ ಒಂಬತ್ತು ಉಗುರುಗಳನ್ನು ಒತ್ತಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಕುಂಬಳಬೀಜದ ಹಾಗೆ ಮುಂದಕ್ಕೆ ಬೆಳೆಸಿದ್ದರು. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದ ವಸ್ತುವಿನ ಮೇಲೆ ಅದನ್ನು ಮೆಲ್ಲಗೆ ಎಳೆಯುವರು. ಸೈಕಲ್ಲಿನ ಹ್ಯಾಂಡಲ್ಲಿರಲಿ, ಚಹಾದಂಗಡಿಯ ಬೆಂಚಿರಲಿ, ಎಳೆದು, ಉಗುರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, "ಹ್ಞೂಂ" ಅನ್ನುವರು. ಬಣ್ಣ ಗಟ್ಟಿ ಇದೆಯೋ, ಬರೇ ತೋರಿಕೆಯದೋ ಅವರಿಗೆ ಗೊತ್ತಾಗುತ್ತಿತ್ತು. ಆ "ಹ್ಞೂಂ" ಕೇಳಿದಾಗೆಲ್ಲ ನಾನು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದೆ. ಬೆಂಚಿನ ಬಗ್ಗೆ ಅಂದದ್ದೋ, ನನ್ನ ಬಗ್ಗೆ ಅಂದದ್ದೋ ಖಾತ್ರಿ ಇರಲಿಲ್ಲ.

ಹೋದ ತಿಂಗಳು ಶಹಾಬಾದ ಕಡೆಯಿಂದ ಬಂದ ಪ್ಯಾಸೆಂಜರಿನಿಂದ ಇಳಿದ ಒಬ್ಬ ಟಾಂಗಾದವನು ವಾಡಿ ಸ್ಟೇಷನ್ನಿನ ನಮ್ಮ ಪಾರ್ಸಲ್ ಆಫೀಸಿನ ಕಿಟಕಿಯಲ್ಲಿ ತಲೆ ಹಾಕಿ, "ನಿಮ್ಮ ಉಸ್ತಾದ್ ತೀರಿ ಹ್ವಾದ್ರಿ ಸಾಹೇಬ್ರ" ಅಂದ. ನನ್ನ ಕೈಯಲ್ಲಿ ಒಂದು ಪೆಟ್ಟಿಗೆಯ ಅರಗಿನ ಮುದ್ರೆ ಇತ್ತು, ಒಡೆದಿದೆಯೋ ಇಲ್ಲವೋ ಅಂತ ಮೂರನೇ ಸಲ ನೋಡುತ್ತಿದ್ದೆ. ನಾಲ್ಕನೇ ಸಲ ನೋಡಲಿಲ್ಲ. ನನ್ನ ನೌಕರಿಯಲ್ಲಿ ಅದು ಸಣ್ಣ ಮಾತಲ್ಲ.

ನಾನು ಮನೆಗೆ ಬೀಗ ಹಾಕಿ, ಓಣಿಯ ತಿರುವಿನ ತನಕ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡುವ ಜಾತಿಯವನು. ಒಂದು ಸಲ ಜಗ್ಗಿ ಜಗ್ಗಿ ಬೀಗವೇ ಕಿತ್ತು ಕೈಗೆ ಬಂದದ್ದೂ ಇದೆ. "ಕಳ್ಳರು ಬರೂದು ಬ್ಯಾಡ, ನೀವೇ ಸಾಕು" ಅಂದಳು ಹೆಂಡತಿ. ಉಸ್ತಾದರನ್ನು ನಾನು ಕಂಡದ್ದೂ ಇಂಥದೇ ಒಂದು ಕಾಳಜಿಯ ಫಲವಾಗಿ. ಈ ಸಲ ಕಿತ್ತು ಬಂದದ್ದು ಬೀಗವಲ್ಲ, ಒಂದು ಮೋಟಾರಿನ ಬಣ್ಣ.

ಮೋಟಾರು ನನ್ನದಲ್ಲ. ಚಿತ್ತಾಪುರದಲ್ಲಿದ್ದ ಒಬ್ಬ ಡಾಕ್ಟರದು. ಗುಂಡು ಬೆನ್ನಿನ, ನೇರಳೆಹಣ್ಣಿನ ಬಣ್ಣದ ಬಿಲಾಯತಿ ಗಾಡಿ. ನಿಜಾಮರ ಕಾಲದ ಕೊನೆಗೆ ಕೊಂಡದ್ದು. ಸುತ್ತಲ ಹಳ್ಳಿಗಳಲ್ಲಿ ಅದರ ಸಪ್ಪಳ ಕೇಳಿದರೆ ಅರ್ಧ ಜ್ವರ ಇಳಿಯುತ್ತದೆ ಅನ್ನುತ್ತಿದ್ದರು. ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಗಂಟಲು ಕಟ್ಟಿ ಉಸಿರು ಸಿಗದ ಹಾಗಾಯಿತು. ಮಳೆಯ ಸಂಜೆ, ಹಳ್ಳ ತುಂಬಿತ್ತು. ಡಾಕ್ಟರು ಆ ಗಾಡಿಯಲ್ಲಿ ಚಿತ್ತಾಪುರದಿಂದ ವಾಡಿಗೆ ಬಂದು, ಬ್ಯಾಟರಿ ಹಿಡಿದು ಅವಳ ಗಂಟಲು ನೋಡಿ, "ಬಿಳಿ ಪೊರೆ ಬಂದದ, ಸುತ್ತಲ ಕೆಂಪಾಗ್ಯದ, ಇನ್ನೂ ವ್ಯಾಳ್ಯಾ ಅದ" ಅಂದು ಸೂಜಿ ಚುಚ್ಚಿ, ಬೆಳಕು ಹರಿಯುವತನಕ ಅದೇ ಗಾಡಿಯಲ್ಲಿ ಕೂತಿದ್ದು ಹೋದರು. ಏನು ಕೊಟ್ಟರೂ ಮುಟ್ಟಲಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.

ಆ ಡಾಕ್ಟರು ನನ್ನಲ್ಲಿ ಕೇಳಿದ್ದು ಒಂದೇ ಒಂದು ಉಪಕಾರ. ರಾಜ್ಯಕ್ಕೆ ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಬಂದ ಒಂದೆರಡು ವರ್ಷಕ್ಕೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಹೈದರಾಬಾದಿಗೆ ಮಗಳ ಮನೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು, ಚಿತ್ತಾಪುರದ ಬಾಡಿಗೆ ಮನೆ ಬಿಟ್ಟಾಗಿದೆ, ವಾಡಿಯ ನನ್ನ ಕ್ವಾರ್ಟರ್ಸಿನ ಹಿಂದೆ ತಗಡಿನ ಚಪ್ಪರ ಇದೆ, ಗಾಡಿ ಅಲ್ಲಿ ನಿಲ್ಲಿಸಲೇ ಅಂದರು.

"ಏಳೆಂಟು ತಿಂಗಳು ಆದೀತು. ನನಗ ಈಗ ಎಲ್ಲಾನೂ ಚಹಾದ ಬಣ್ಣ ಕಾಣಾಕತ್ತದ. ಕೂಸಿನ ಗಂಟಲ ಕೆಂಪಾಗ್ಯದೋ ಇಲ್ಲೋ ತಿಳಿವಲ್ದು. ಕೆಂಪು ಕಾಣದಾಂವ ಡಾಕ್ಟರಕಿ ಮಾಡಬಾರದು" ಅಂದು ಬೀಗದಕೈ ನನ್ನ ಅಂಗೈಯಲ್ಲಿಟ್ಟರು. "ನೀವು ಕಾಳಜಿಯ ಮನಷ್ಯಾ. ನಿಮ್ಮ ಕೈಯಾಗ ಇದ್ರ ನನಗ ನಿಶ್ಚಿಂತಿ."

ಆ ಮಾತು ಕೇಳಿದ ದಿನದಿಂದ ನನ್ನ ನಿಶ್ಚಿಂತಿ ಹೋಯಿತು.

ವಾಡಿಯಲ್ಲಿ ಮೇಲಿನಿಂದ ಧೂಳು ಬೀಳುತ್ತದೆ. ಸಿಮೆಂಟಿನ ಧೂಳು, ಬೂದಿಬಣ್ಣದ್ದು, ಅನ್ನದ ತಟ್ಟೆಗೂ ಬೀಳುತ್ತದೆ, ದೇವರ ಪಟಕ್ಕೂ ಬೀಳುತ್ತದೆ. ಅದನ್ನು ಒಣಗಿದ್ದಾಗಲೇ ಕೊಡವಬೇಕು, ನೀರು ತಾಗಿಸಬಾರದು ಅನ್ನುವುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕಾಳಜಿ ಹೆಚ್ಚಾದಾಗ ಬುದ್ಧಿ ಮನೆಯಲ್ಲೇ ಉಳಿಯುತ್ತದೆ. ದಿನಾ ಬೆಳಿಗ್ಗೆ ಎದ್ದು, ಹಲ್ಲು ಉಜ್ಜುವ ಮೊದಲು, ಒದ್ದೆ ಬಟ್ಟೆಯಿಂದ ಗಾಡಿಯನ್ನು ಒರೆಸಿ, ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತಿದ್ದೆ, ಬಿಸಿಲಿಗೆ ಬಣ್ಣ ಬಾಡಬಾರದು ಅಂತ. ದಿನಕ್ಕೊಂದು ಪದರ. ಐದು ತಿಂಗಳು ನಾನು ಅತ್ಯಂತ ಪ್ರೀತಿಯಿಂದ ಆ ಗಾಡಿಗೆ, ಗೋಡೆಗೆ ಮಾಡುವ ಹಾಗೆ, ಸಿಮೆಂಟಿನ ಗಿಲಾವು ಮಾಡಿದೆ.

ಗೊತ್ತಾದದ್ದು ಗೋಣಿತಟ್ಟು ಬಿಡದೆ ಹಿಡಿದುಕೊಂಡಾಗ. ಎಳೆದರೆ ಬೆನ್ನ ತುಂಬ ಸಿಮೆಂಟು ಗಟ್ಟಿಯಾದ ಬಿಳಿ ಹೊಪ್ಪಳ. ಈಳಿಗೆಮಣೆಯ ಅಲಗು ಬಿಚ್ಚಿ ತಂದು ಬೆನ್ನಿನಿಂದ ಬಾಗಿಲ ಕೀಲಿನ ತನಕ ಕೆರೆದೆ. ಸಿಮೆಂಟು ಬಂತು, ಅದರ ಜೊತೆ ನೇರಳೆ ಬಣ್ಣವೂ ಬಂತು, ತಗಡು ಮಿಂಚಿತು. ಗಾಬರಿಯಾಗಿ ಒಳಗೆ ಕೂತು ಉಸಿರು ತಗೊಳ್ಳೋಣ ಅಂತ ಬಾಗಿಲು ತೆಗೆದರೆ ಸೀಟಿನೊಳಗಿನಿಂದ ಇಲಿ ನೆಗೆಯಿತು. ಇಲಿ ಒಳಗೆ ಹೊಗದಿರಲಿ ಅಂತಲೇ ನಾನು ಕಿಟಕಿಯ ಸಂದುಗಳಿಗೆಲ್ಲ ಅಂಟು ಹಚ್ಚಿ ಕಾಗದ ಬಡಿದಿದ್ದೆ.

"ನಿಮ್ಮ ಕಾಳಜಿಗೇ ಸತ್ತಿತು ನೋಡ್ರಿ ಆ ಗಾಡಿ" ಅಂದಳು ಹೆಂಡತಿ. "ನಾ ಹ್ಯಾಂಗ ಇನ್ನೂ ಜೀವ ಇದ್ದೀನೋ."

ದೊಡ್ಡ ಊರಿನ ಗ್ಯಾರೇಜಿಗೆ ಒಯ್ಯುವ ತಾಕತ್ತು ನನ್ನ ಪಗಾರಕ್ಕೆ ಇರಲಿಲ್ಲ. ಸ್ಟೇಷನ್ನಿನ ಟಾಂಗಾದವರು ಒಂದೇ ಹೆಸರು ಹೇಳಿದರು. ಶಹಾಬಾದದಲ್ಲಿ ಟಾಂಗಾಕ್ಕೆ ಕುದುರೆ ಹೂಡುವ ಮೂಕಿಯಿಂದ ಹಿಡಿದು ಹುಡ್ಡು, ಗಾದಿ, ಬಣ್ಣ ಎಲ್ಲವನ್ನೂ ಒಬ್ಬರೇ ಮಾಡುವ ಉಸ್ತಾದ್ ಒಬ್ಬರಿದ್ದಾರೆ, ಟಾಂಗಾಗಳು ಕಡಿಮೆಯಾಗಿ ಈಗ ಲಾರಿ, ಅಂಗಡಿಯ ಬೋರ್ಡು ಏನು ಬಂದರೂ ಮಾಡುತ್ತಾರೆ ಅಂತ.

ಮರುದಿನವೇ ಶಹಾಬಾದಕ್ಕೆ ಹೋಗಿ, ಕೈ ಮುಗಿದು ಕರೆತಂದೆ. ಅರವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ತಲೆಗೆ ಜಾಳಿಗೆಯ ಟೋಪಿ, ಅದರ ಮೇಲೆ ಏಳು ಬಣ್ಣದ ಚಿಕ್ಕಿ. ಗಾಡಿಯ ಸುತ್ತ ಎರಡು ಸುತ್ತು ಹಾಕಿದರು. ಉಗುರು ಎಳೆದರು. "ಹ್ಞೂಂ" ಅಂದರು. ಆಮೇಲೆ ಗಾಡಿಯ ಬೆನ್ನು ಸವರುತ್ತ, ನನಗಲ್ಲ, ಗಾಡಿಗೆ ಕೇಳಿದರು: "ಯಾರವ್ವಾ ನಿನ್ನ ಮ್ಯಾಲ ಇಷ್ಟು ಪ್ರೀತಿ ಮಾಡಿದಾಂವ?"

ನಾನು ತಲೆ ತಗ್ಗಿಸಿದೆ.

"ಈ ಗಾಡಿ ನನ್ನ ಕೈಯಂದೇ ಅದ ಸಾಹೇಬ್ರ. ಇಪ್ಪತ್ತು ವರ್ಷದ ಹಿಂದ ನಾನೇ ಬಣ್ಣ ಹಚ್ಚೀನಿ. ಮೊದಲ ಕೆಂಪು ಇತ್ತು. ಹಳ್ಳ್ಯಾಗ ಕೆಂಪು ಮೋಟಾರ್ ಬಂದ್ರ ಪೊಲೀಸರು ಅಂತ ತಿಳಕೊಂಡು ಮಂದಿ ಬೇನೆ ಬಿಟ್ಟು ಓಡಾಕತ್ತರಂತ. ಅದಕ್ಕ ಡಾಕ್ಟರ್ ಸಾಬ ಬಣ್ಣ ಬದಲಿ ಮಾಡಿಸಿದ್ರು."

"ಅವರು ಬರೂದರೊಳಗ ಮೊದಲಿನಂಗ ಆಗ್ತದೇನ್ರಿ? ಅವರಿಗೆ ಗೊತ್ತೇ ಆಗಬಾರದು."

ಉಸ್ತಾದರು ನನ್ನ ಮುಖ ನೋಡಿದರು. "ಮೊದಲಿನಂಗ ಆಗ್ತದ. ಗೊತ್ತಾಗೂದು ಬಿಡೂದು ಬಣ್ಣದ ಕೆಲಸ ಅಲ್ರಿ."

ಸಿಮೆಂಟಿನ ಧೂಳು ಬೀಳುವ ವಾಡಿಯಲ್ಲಿ ಬಣ್ಣ ಹಚ್ಚಲು ಅವರು ಒಪ್ಪಲಿಲ್ಲ. ರಾವೂರದಲ್ಲಿ ಪರಿಚಯದವರ ಒಂದು ಕಲ್ಲಿನ ಗೋದಾಮು ಇತ್ತು, ಮಾಳಿಗೆಗೂ ಹಾಸುಗಲ್ಲಿನ ಫರಸಿ, ನೆಲಕ್ಕೂ ಫರಸಿ. ಗಾಡಿಯ ಬ್ಯಾಟರಿ ಸತ್ತಿತ್ತು, ಜೀವ ಇದ್ದರೂ ಓಡಿಸಲು ನನಗೆ ಬರುತ್ತಿರಲಿಲ್ಲ. ಉಸ್ತಾದರು ಒಂದು ಜೋಡಿ ಎತ್ತು ತಂದು ಮೋಟಾರಿಗೆ ಹೂಡಿದರು. ತಾವು ಟಾಂಗಾದವರ ಠೀವಿಯಲ್ಲಿ ಬಾನೆಟ್ಟಿನ ಮೇಲೆ ಕೂತರು. ನನ್ನನ್ನು ಒಳಗೆ ಸ್ಟೇರಿಂಗ್ ಹಿಡಿಯಲು ಕೂರಿಸಿದರು. ವಾಡಿಯಿಂದ ರಾವೂರದ ತನಕ ಪೂರಾ ದಾರಿ ನಾನು ಬ್ರೇಕು ತುಳಿದುಕೊಂಡೇ ಹೋದೆ ಅನ್ನುವುದು ಎತ್ತುಗಳಿಗೆ ಮಾತ್ರ ಗೊತ್ತಿತ್ತು. ಅರ್ಧ ದಾರಿಗೆ ಅವು ಹಿಂತಿರುಗಿ ನನ್ನನ್ನು ನೋಡಿದವು.

ಆಮೇಲಿನ ಎರಡು ತಿಂಗಳು ನಾನು ಮಾಡಿದ್ದೆಂದರೆ ಅವರ ಕೆಲಸ ನೋಡಿದ್ದು, ಬೈಸಿಕೊಂಡದ್ದು, ಹೆದರಿದ್ದು. ಡ್ಯೂಟಿ ಮುಗಿದದ್ದೇ ಸೈಕಲ್ ಹತ್ತಿ ರಾವೂರಕ್ಕೆ ಓಡುತ್ತಿದ್ದೆ.

ಸಿಮೆಂಟಿನ ಹೊಪ್ಪಳ ಬಿಡಿಸಲು ಅವರು ಕೇಳಿದ್ದು ಹುಳಿ ಬಂದ ಮಜ್ಜಿಗೆ ಮತ್ತು ಹುಣಸೆಹಣ್ಣು. ಹೆಂಡತಿ ಎರಡು ಹಂಡೆ ಕಿವುಚಿ ಕೊಟ್ಟಳು. ಹುಳಿನೀರಲ್ಲಿ ಅದ್ದಿದ ಬಟ್ಟೆಯನ್ನು ಗಾಡಿಯ ಮೇಲೆ ಜ್ವರದ ಪಟ್ಟಿಯ ಹಾಗೆ ಹಾಕಿ ಕೂರುವರು. ಬುಸುಬುಸು ನೊರೆ ಬಂದು ಸುಣ್ಣ ಮೆತ್ತಗಾಗುತ್ತಿತ್ತು. "ನೀವು ಈಳಿಗಿ ತಗೊಂಡ್ರಿ. ಅಡಗಿಮನ್ಯಾಗಿಂದ ತರೂದೇ ಇತ್ತಂದ್ರ ಹುಳಿ ತರಬೇಕಿತ್ತು. ಹತ್ತಿರೇ ಇದ್ದಿದ್ದವಲ್ಲ ಎರಡೂ?" ಅಂದರು.

ಬಣ್ಣ ತಿಕ್ಕುವ ಪೇಸ್ಟು ಡಬ್ಬಿಯಲ್ಲಿ ಸಿಗುತ್ತದೆ, ತುಟ್ಟಿ. ಅವರು ಶಹಾಬಾದದ ಫರಸಿ ಪಾಲೀಶು ಮಾಡುವ ಕಾರ್ಖಾನೆಯ ಹೊಂಡದಲ್ಲಿ ತಳಕ್ಕೆ ಕೂತ ಕೆಸರನ್ನು ತಂದು, ಧೋತರದ ನಾಲ್ಕು ಮಡಿಕೆಯಲ್ಲಿ ಸೋಸಿ, ಹಾಲಿನ ಕೆನೆಯಷ್ಟು ನುಣುಪು ಮಾಡಿ ಇಟ್ಟುಕೊಂಡಿದ್ದರು. ಅದನ್ನು ನಾಲಿಗೆಯ ಮೇಲಿಟ್ಟು ನೋಡುವರು. ಹಲ್ಲಿಗೆ ಕರಕರ ಅಂದರೆ ಮತ್ತೆ ಸೋಸು. "ನಮ್ಮೂರ ಕಲ್ಲಿನಿಂದ ನಿಮ್ಮೂರ ಧೂಳ ತೆಗಿಯೂದು" ಅನ್ನುವರು. ಕಲ್ಲೂ ಸುಣ್ಣವೇ, ಧೂಳೂ ಸುಣ್ಣವೇ, ಧೂಳು ಗಾಡಿಯನ್ನು ಕೆಡಿಸಿತ್ತು, ಕಲ್ಲು ಅದನ್ನೇ ಹೊಳೆಸಿತು.

ಗಾದಿಯನ್ನು ಟಾಂಗಾದ ಪದ್ಧತಿಯಲ್ಲೇ ಕಟ್ಟಿದರು. ಇಲಿ ಕಡಿದ ಚರ್ಮವನ್ನು ಎಸೆಯಲಿಲ್ಲ. ಹೊಲಿಗೆ ಬಿಚ್ಚಿ ತಿರುವಿ ಹಾಕಿ, ತೂತು ಬಂದಲ್ಲಿ ಮಡಿಕೆ ಬರುವ ಹಾಗೆ ಹೊಲಿದರು. ಒಳಗೆ ತೆಂಗಿನ ನಾರು, ಮೇಲೊಂದು ಪದರ ಕುದುರೆಯ ಕೂದಲು. ನಾರಿನೊಳಗೆ ಒಂದು ಹಿಡಿ ಬೇವಿನೆಲೆ ತುರುಕಿ, "ಮ್ಯಾಲಿನ ಕಿಂಡಿ ಎಲ್ಲಾ ಮುಚ್ಚಿದ್ರಿ. ಇಲಿ ತಳದಾಗಿಂದ ಬರ್ತದ ಸಾಹೇಬ್ರ. ನೀವು ಯಾವಾಗಲೂ ಮ್ಯಾಲೇ ನೋಡಾಕತ್ತೀರಿ" ಅಂದರು.

ರಾವೂರದಲ್ಲಿ ಸಿಮೆಂಟಿನ ಧೂಳಿಲ್ಲದಿದ್ದರೂ ಕಲ್ಲುಖಣಿಗಳ ಧೂಳಿದೆ. ವಾರಕ್ಕೊಂದು ದಿನ, ಸಂತೆಗೆ, ಖಣಿಗಳು ಬಂದ್ ಇರುತ್ತಿದ್ದವು. ಬಣ್ಣ ಹಚ್ಚುವುದು ಆ ಒಂದೇ ದಿನ. ನೆಲಕ್ಕೆ ನೀರು ಹೊಡೆದು, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು, ಅಂಗಿ ಕಳಚಿ, ಕುದುರೆಬಾಲದ ಕೂದಲಿನ ಬ್ರಷ್ಷು ಹಿಡಿದು ಒಬ್ಬರೇ ಒಳಗೆ ಹೋಗುವರು. ಮೊದಲ ದಿನ ನಾನೂ ಹಿಂದಿನಿಂದ ನುಸುಳಿದೆ. ಗಾಡಿ ನೋಡಿ ನಿಟ್ಟುಸಿರು ಬಿಟ್ಟೆ.

"ಹೊರಗ ಹೋಗಿ ಕುಂದ್ರಿ. ನಿಮ್ಮ ಉಸಿರಿಗೇ ಧೂಳ ಏಳಾಕತ್ತದ."

ಹೊಸ್ತಿಲ ಹೊರಗೆ ಕೂತೆ. ಒಂದು ಕೈ ಬಣ್ಣ ಒಣಗಿ, ತಿಕ್ಕಿ, ಮುಂದಿನ ಕೈಗೆ ಇನ್ನೊಂದು ಸಂತೆ ಬರಬೇಕು. ಇತ್ತ ಹೈದರಾಬಾದಿನಿಂದ ಡಾಕ್ಟರ ಮಗಳ ಕಾಗದ ಬಂತು: ಆಪರೇಷನ್ ಆಗಿದೆ, ಒಂದು ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಅಪ್ಪ ಈ ತಿಂಗಳು ಮುಗಿಯುವುದರೊಳಗೆ ವಾಡಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಾನು ಕ್ಯಾಲೆಂಡರಿನಲ್ಲಿ ಸಂತೆಗಳನ್ನು ಎಣಿಸಿದೆ. ಹೇಗೆ ಎಣಿಸಿದರೂ ಮೂರೇ ಬಂದವು.

"ಇನ್ನೊಂದು ದಿನಾ ಮಾಡಬಾರದೇನ್ರಿ, ನಡುವ?"

"ಮಾಡಬಹುದು. ಬಣ್ಣದಾಗ ಖಣಿ ಬರ್ತದ."

ಅವರ ಶಹಾಬಾದದ ಮನೆಗೆ ನಾನು ಎರಡು ಸಲ ಹೋಗಿದ್ದೆ. ಇಡೀ ಊರಿಗೆ ಬಣ್ಣ ಹಚ್ಚಿದವರ ಬಾಗಿಲು ಬರೀ ಕಟ್ಟಿಗೆ. ಹೆಂಡತಿ ತೀರಿಹೋಗಿದ್ದರು, ಮಗಳು ಸೇಡಂಗೆ ಲಗ್ನವಾಗಿ ಹೋಗಿದ್ದಳು. ಚಹಾ ಅವರೇ ಕಾಸಿ, ಸೋಸಿ, ಬಸಿಯಲ್ಲಿ ಹಾಕಿ, ಅದರ ಬಣ್ಣ ನೋಡಿ, ತೃಪ್ತಿಯಾಗದಿದ್ದರೆ ವಾಪಸು ಒಲೆಯ ಮೇಲಿನ ಪಾತ್ರೆಗೆ ಸುರಿಯುತ್ತಿದ್ದರು. ಮೊಹರಮ್ಮಿನಲ್ಲಿ ಹುಲಿ ವೇಷದವರೆಲ್ಲ ಅವರ ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದರಂತೆ, ಹಿಂದೂ ಮುಸ್ಲಿಂ ಅನ್ನದೆ. ಹುಲಿಯ ಪಟ್ಟೆ ಮೈತುಂಬ ಬಳಿದು, ಕಿವಿಯ ಹಿಂದೆ ಒಂದಿಷ್ಟು ಜಾಗ ಮಾತ್ರ ಬರಿಯ ಚರ್ಮ ಬಿಡುತ್ತಿದ್ದರು. ಯಾಕೆ ಅಂತ ಕೇಳಿದೆ.

"ಗವಾಹ ರೀ. ಸಾಕ್ಷಿ. ಹುಲಿಗೂ ನೆಪ್ಪಿರಬೇಕಲ್ಲ, ಒಳಗ ಯಾರಿದ್ದಾನಂತ."

ಅದು ಅವರ ತಂದೆಯ ಕಾಲದಿಂದ ಬಂದ ನೇಮ. ಯಾವುದಕ್ಕೆ ಬಣ್ಣ ಹಚ್ಚಿದರೂ, ಮರೆಯಲ್ಲಿ ಒಂದು ಕಡೆ, ಬೆಂಕಿಪೊಟ್ಟಣದಷ್ಟು ಜಾಗ ಹಳೆಯದನ್ನು ಹಾಗೇ ಬಿಡುವುದು. ಮುಂದೆ ಯಾರೋ ಆ ಕೆಲಸಕ್ಕೆ ಕೈ ಹಾಕಿದಾಗ ತಳದಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗಬೇಕು. ಒಮ್ಮೆ ಯಾರೋ ಹಳೆ ಟಾಂಗಾದ ಮೂಕಿಯ ಬಿರುಕನ್ನು ಬಣ್ಣದಲ್ಲಿ ಮುಚ್ಚಿ ಮಾರಿದ್ದರಂತೆ. ಚಿತ್ತಾಪುರದ ದಾರಿಯ ಇಳಿಜಾರಿನಲ್ಲಿ ಮೂಕಿ ಮುರಿದು ಕುದುರೆಯ ಹೊಟ್ಟೆಗೆ ಹೊಕ್ಕಿತು. "ಆ ಕುದರಿ ಕಣ್ಣ ನಾ ನೋಡೀನಿ" ಅಂದರು. ಮೈಸೂರು ಅಳಿಸಿ ಕರ್ನಾಟಕ ಬರೆಯುವ ಬೋರ್ಡಿನ ಕೆಲಸ ಜೋರಾಗಿದ್ದಾಗ ಒಂದು ಕಚೇರಿಯ ಬೋರ್ಡಿನ ಮೂಲೆಯಲ್ಲಿ ಹಳೆಯ ಅಕ್ಷರದ ಬಾಲ ಬಿಟ್ಟು, ಅಲ್ಲಿಯ ಸಾಹೇಬರಿಂದ ಬೈಸಿಕೊಂಡು, ಆ ಕೆಲಸವನ್ನೇ ಬಿಟ್ಟು ಬಂದಿದ್ದರು. ಬಾಲ ಮುಚ್ಚಲಿಲ್ಲ.

ಇದೆಲ್ಲ ಕೇಳುವಾಗ ನನಗೆ ಚೆಂದ ಅನ್ನಿಸಿತ್ತು. ಮೂರನೇ ಸಂತೆಯ ದಿನ ಅವರು ಗೋಣಿ ಸರಿಸಿ ನನ್ನನ್ನು ಒಳಗೆ ಕರೆದಾಗ ಚೆಂದ ಅನ್ನಿಸಲಿಲ್ಲ.

ಗಾಡಿ ಮಾತ್ರ ನೇರಳೆಹಣ್ಣೇ. ಈಗಷ್ಟೇ ಮರದಿಂದ ಬಿದ್ದದ್ದು. ನನ್ನ ಮುಖ ಅದರ ಬೆನ್ನಿನಲ್ಲಿ ಕಾಣಿಸಿತು, ಗಾಬರಿಯಾದ ಮುಖ, ಆದರೂ ಹೊಳೆಯುತ್ತಿತ್ತು. ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಚಾಲಕನ ಬದಿಯ ಬಾಗಿಲು ತೆಗೆದು, ಕೀಲಿನ ಹತ್ತಿರ ಬೆರಳಿಟ್ಟು ತೋರಿಸಿದರು. ಬೆಂಕಿಪೊಟ್ಟಣದಷ್ಟು ಜಾಗ. ಅದರಲ್ಲಿ ಮೆಟ್ಟಿಲ ಹಾಗೆ ಮೂರು ಪಟ್ಟಿ. ತಳದಲ್ಲಿ ಮೊದಲಿನ ಕೆಂಪು. ಅದರ ಮೇಲೆ ಇಪ್ಪತ್ತು ವರ್ಷದ ಹಿಂದಿನ ನೇರಳೆ. ಅದರ ಮೇಲೆ ನಾನು. ನನ್ನ ಬಿಳಿ ಹೊಪ್ಪಳ, ಅದರ ನಡುವೆ ಈಳಿಗೆಮಣೆಯ ಮೂರು ಗೀರು, ಹುಳಿಯನ್ನೂ ತಾಗಿಸದೆ, ನೀಟಾಗಿ, ಚೌಕಟ್ಟು ಹಾಕಿಸಿದ ಫೋಟೋದ ಹಾಗೆ.

"ಉಸ್ತಾದ್, ಇದನ್ನ ಮುಚ್ಚಿಬಿಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ. ಡಾಕ್ಟರು ನನಗ ಕಾಳಜಿಯ ಮನಷ್ಯಾ ಅಂದಾರ."

"ಹೌದಲ್ರಿ. ಇದು ನಿಮ್ಮ ಕಾಳಜೀನೇ" ಅಂದರು. ಬ್ರಷ್ಷು ತೊಳೆದರು. ಅಂಗಿ ಹಾಕಿಕೊಂಡರು. "ನಾ ಮುಚ್ಚಾಂಗಿಲ್ಲ. ನಿಮ್ಮ ಕೈ ನಿಮ್ಮ ಹತ್ರ ಅದ."

ಅವರು ಅಂದದ್ದು ತಡೆಯಲೆಂದೋ, ಬಿಟ್ಟುಕೊಡಲೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಾಕ್ಟರು ಬರುವ ಹಿಂದಿನ ದಿನ ನಾನು ಡ್ಯೂಟಿಗೆ ರಜೆ ಹಾಕಿ, ಗಡ್ಡಕ್ಕೆ ಸಾಬೂನು ಹಚ್ಚುವ ಬ್ರಷ್ಷನ್ನು ಕಿಸೆಯಲ್ಲಿಟ್ಟುಕೊಂಡು ರಾವೂರಕ್ಕೆ ಹೋದೆ. ಖಣಿಯಲ್ಲಿ ಕಲ್ಲು ಒಡೆಯಲು ಮದ್ದು ತುಂಬಿದ ಸುರಂಗಗಳು ಸಿಡಿಯುತ್ತಿದ್ದವು. ಡಬ್ಬಿಯಲ್ಲಿ ತಳಕ್ಕೆ ಉಳಿದಿದ್ದ ಬಣ್ಣವನ್ನು ಕದಡಿ, ಒರೆಸದೆ, ತಿಕ್ಕದೆ, ದಪ್ಪಗೆ ಬಳಿದೆ. ಬಣ್ಣ ಇಳಿಯಿತು. ಇಳಿದದ್ದನ್ನು ಧೋತರದ ಚುಂಗಿನಿಂದ ಒರೆಸಿದೆ, ಮತ್ತೆ ಬಳಿದೆ. ದಪ್ಪ ಬಣ್ಣ ಬಾಗಿಲ ನೆರಳಿನಲ್ಲಿ ಕಪ್ಪಗೆ ಕಂಡಿತು, ಮೂರು ಪಟ್ಟಿಗಳೂ ಮಾಯವಾದವು. ಬದುಕಿದೆ ಅಂದುಕೊಂಡೆ. ಆ ಧೋತರ ಈಗಲೂ ಇದೆ. ಹೆಂಡತಿ ಅದನ್ನು ಒರಸುಬಟ್ಟೆ ಮಾಡಲು ಒಪ್ಪುವುದಿಲ್ಲ, "ಕಂಡಾಗೊಮ್ಮೆ ನಗಾಕ ಬೇಕು" ಅನ್ನುತ್ತಾಳೆ.

ಡಾಕ್ಟರು ಬೆಳಗಿನ ಗಾಡಿಗೆ ಬಂದರು. ಸೀಸೆಯ ತಳದಂಥ ಕನ್ನಡಕ. ಒಂದು ಕಣ್ಣಿಗೆ ಇನ್ನೂ ಹಸಿರು ಬಟ್ಟೆ. ಪ್ಲಾಟ್‌ಫಾರ್ಮಿನಲ್ಲಿ ನನ್ನ ಭುಜ ಹಿಡಿದು, "ಊರು ಸಣ್ಣದಾಗ್ಯದ, ನೀವು ದೊಡ್ಡವರಾಗೀರಿ" ಅಂದು ನಕ್ಕರು. ಗಾಡಿ ರಾವೂರದಲ್ಲಿ ನೆರಳಿಗೆ ನಿಂತಿದೆ ಅಂತ ಏನೋ ತೊದಲಿದೆ. ಟಾಂಗಾ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಮಾತಾಡಿದರು, ನಾನು ಬ್ರೇಕು ಇಲ್ಲದ ಟಾಂಗಾದಲ್ಲೂ ಕಾಲು ತುಳಿಯುತ್ತಿದ್ದೆ.

ಉಸ್ತಾದರು ಗೋದಾಮಿನ ಬಾಗಿಲಲ್ಲಿ ಕಾಯುತ್ತಿದ್ದರು. ಸಲಾಮು, ಕುಶಲ ಎಲ್ಲ ಆಯಿತು. ಡಾಕ್ಟರು ಗಾಡಿಯ ಬೆನ್ನ ಮೇಲೆ ಕೈಯಾಡಿಸಿದರು. ಒಳಗೆ ಕೂತು ಗಾದಿಯ ಮೇಲೆ ಒಮ್ಮೆ ಕುಪ್ಪಳಿಸಿದರು. "ಅರೆ, ಇದು ಟಾಂಗಾ ಆಗ್ಯದಲ್ಲ!" ಅಂದರು, ಖುಷಿಯಲ್ಲೇ. ನಾನು ಉಸಿರು ಬಿಟ್ಟೆ. ಆಗ ಅವರು ಇಳಿದು, ಬಾಗಿಲನ್ನು ಪೂರಾ ತೆಗೆದು, ಮಂಡಿಯೂರಿ, ಕೀಲಿನ ಹತ್ತಿರ ಮುಖ ಒಯ್ದರು.

ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ನೋಡಿದರು. ಬೆರಳಿನಿಂದ ತಡಕಿದರು.

"ಉಸ್ತಾದ್, ಇಲ್ಲೇ ಅಲ್ಲೇನು ನಿಮ್ಮ ಗವಾಹ? ಕೆಂಪು?"

ಉಸ್ತಾದರು ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಡಾಕ್ಟರು ನೆಲದ ಮೇಲೇ ಕೂತುಬಿಟ್ಟರು. "ಹೈದರಾಬಾದದಾಗ ಅವರು ಚೀಟಿ ತೋರಿಸಿ ಇದು ಯಾವ ಬಣ್ಣ, ಅದು ಯಾವ ಬಣ್ಣ ಅಂತ ಕೇಳಿದ್ರು. ಎಲ್ಲಾ ಬರೋಬ್ಬರಿ ಹೇಳೀನಿ. ಆದ್ರ ನನಗ ಖಾತ್ರಿ ಇರಲಿಲ್ಲ. ಊರಿಗಿ ಹೋಗಿ ಆ ಕೆಂಪು ನೋಡ್ತೀನಿ, ಅದು ನನಗ ನೆಪ್ಪದ, ಅದು ಮೊದಲಿನಂಗ ಕಂಡ್ರ ದವಾಖಾನಿ ತೆಗಿತೀನಿ, ಇಲ್ಲಂದ್ರ ಇಲ್ಲ ಅಂತ ಮನಸಿನಾಗ ಇಟ್ಕೊಂಡು ಬಂದೆ." ಕನ್ನಡಕವನ್ನು ಮಡಿಚಿ ಕಿಸೆಗೆ ಹಾಕಿಕೊಂಡರು. "ಎಲ್ಲಾ ಕರ್‍ರಗ ಕಾಣಾಕತ್ತದ. ಹೋಗ್ಲಿ ಬಿಡ್ರಿ. ವಯಸ್ಸಾತು."

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಅಂತ ಹೇಳಲಾರೆ. ಒಂದು ಸುರಂಗ ಸಿಡಿದು ಅದರ ಸದ್ದು ಗೋದಾಮಿನ ಕಲ್ಲಿನಲ್ಲಿ ಉರುಳಿ ನಿಲ್ಲುವಷ್ಟು. ಅಷ್ಟರೊಳಗೆ ನಾನು ಯೋಚಿಸಿದ್ದು, ನಾಚಿಕೆಯಿಂದ ಬರೆಯುತ್ತೇನೆ, ಈಗ ಹೇಳಿದರೆ ಹೊಪ್ಪಳದ ಸಂಗತಿಯೂ ಹೊರಗೆ ಬರುತ್ತದಲ್ಲ ಅಂತ. ಮಗಳ ಗಂಟಲಲ್ಲಿ ಕೆಂಪು ಕಂಡ ಮನುಷ್ಯ ತನಗೆ ಕೆಂಪು ಕಾಣದು ಅಂತ ಕನ್ನಡಕ ಮಡಿಚುತ್ತಿದ್ದಾರೆ, ನಾನು ಮೂರು ಗೀರು ಎಣಿಸುತ್ತ ನಿಂತಿದ್ದೇನೆ.

"ಡಾಕ್ಟರ್ ಸಾಹೇಬ್ರ" ಅಂದೆ. "ನಿಮ್ಮ ಕಣ್ಣ ಬರೋಬ್ಬರಿ ಅವ. ಅಲ್ಲಿರೂದು ಕರೀದೇ. ನಾನೇ ಮುಚ್ಚೀನಿ. ನಿನ್ನಿ ಮಧ್ಯಾಹ್ನ. ಗಡ್ಡದ ಬ್ರಷಿಲೆ."

ಮುಚ್ಚಿದೆ, ಸರಿ. ಆ ಕೆಂಪನ್ನು ಈಗ ಎಲ್ಲಿಂದ ತರುವುದು? ಇಪ್ಪತ್ತು ವರ್ಷ ಒಬ್ಬರು ಉಳಿಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ. ಕೆರೆಯಲು ಹೋದರೆ ಎಲ್ಲ ಪದರವೂ ಕಿತ್ತು ಬರುತ್ತದೆ ಅನ್ನುವುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು.

ಉಸ್ತಾದರು ಮಂಡಿಯೂರಿದರು. ಹೆಬ್ಬೆರಳಿನ ಉಗುರನ್ನು ಆ ಜಾಗದ ಮೂಲೆಗೆ ತಾಗಿಸಿ, ತಾಯಿ ಕೂಸಿನ ಮೂಗು ಒರೆಸುವಷ್ಟು ಹಗುರವಾಗಿ ಎತ್ತಿದರು. ನನ್ನ ಬಣ್ಣ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಒಂದೇ ತುಂಡಾಗಿ ಸುಲಿದು ಅವರ ಬೆರಳಿಗೆ ಬಂತು. ತಳದಲ್ಲಿ ಧೂಳು ಇತ್ತಲ್ಲ, ಹಿಡಿದಿರಲೇ ಇಲ್ಲ.

"ಒರೆಸಿ ಹಚ್ಚಿದ್ರಿ ಅಂದ್ರ ನಮ್ಮ ನಸೀಬ ಖರಾಬ ಆಗ್ತಿತ್ತು" ಅಂದರು. "ಅಲ್ಲಾನ ದಯಾ. ನಿಮಗ ಕೆಲಸ ಬರಾಂಗಿಲ್ಲ."

ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

"ಗಿಳಿ ಮೂಗು" ಅಂದರು ಕೊನೆಗೆ. "ಅದೇ. ಅದಕ್ಕಿಂತ ಹೆಚ್ಚೇ. ಇಷ್ಟು ಕೆಂಪಿತ್ತೇನು ಇದು?" ಆಮೇಲೆ ಬೆರಳನ್ನು ಮೇಲಿನ ಪಟ್ಟಿಗೆ ಸರಿಸಿದರು. "ಇದೇನು, ಸಿಡುಬು ಎದ್ದಂಗ? ಈ ಗೀರು?"

ಎಲ್ಲ ಹೇಳಿದೆ. ಒದ್ದೆ ಬಟ್ಟೆ, ಗೋಣಿತಟ್ಟು, ಈಳಿಗೆಮಣೆ, ಇಲಿ. ಕಣ್ಣು ಮುಚ್ಚಿಕೊಂಡು, ಅಳುತ್ತ ಹೇಳಿದೆ. ತೆಗೆದಾಗ ಡಾಕ್ಟರು ನನ್ನ ಬಾಯಿಯ ಹತ್ತಿರ ಮುಖ ತಂದು ನಿಂತಿದ್ದರು.

"ಆ ಅನ್ರಿ" ಅಂದರು.

"ಆ" ಅಂದೆ.

"ಗಂಟಲ ಕೆಂಪಾಗ್ಯದ. ಅತ್ತು ಅತ್ತು. ಉಪ್ಪುನೀರಿಲೆ ಮುಕ್ಕಳಿಸ್ರಿ."

ಡಾಕ್ಟರು ಚಿತ್ತಾಪುರದಲ್ಲಿ ಮತ್ತೆ ದವಾಖಾನೆ ತೆಗೆದರು. ಕೆಲವು ವರ್ಷ ನಡೆಸಿದರು, ಆಮೇಲೆ ಮಗಳ ಹತ್ತಿರ ಹೋಗಿ ಅಲ್ಲೇ ತೀರಿಕೊಂಡರು. ಅವತ್ತು ಸಂಜೆ ರಾವೂರದಿಂದ ವಾಪಸು ಬರುವಾಗ ನಾನು ಉಸ್ತಾದರನ್ನು ಕೇಳಿದ್ದೆ: "ನೀವು ನೋಡಿದ ಕೂಡ್ಲೇ ನಿಮಗ ಗೊತ್ತಾಗಿತ್ತು. ಯಾಕ ಸುಮ್ಮ ಇದ್ರಿ?"

"ನಿಮ್ಮ ಬಣ್ಣ ಎಷ್ಟು ಹೊತ್ತು ತಡೀತದ ಅಂತ ನೋಡಾಕತ್ತಿದ್ದೆ" ಅಂದರು. ತಳ್ಳಿಕೊಂಡು ಬರುತ್ತಿದ್ದ ತಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಉಗುರು ಎಳೆದರು. ಆ ಸಲ "ಹ್ಞೂಂ" ಅನ್ನಲಿಲ್ಲ.

ಹೋದ ತಿಂಗಳು ಉಸ್ತಾದರು ತೀರಿದ ಸುದ್ದಿ ಕೇಳಿದ ಮಾರನೇ ದಿನ ಶಹಾಬಾದಕ್ಕೆ ಹೋದೆ. ಬಣ್ಣವಿಲ್ಲದ ಬಾಗಿಲ ಮುಂದೆ ಸೇಡಂನಿಂದ ಬಂದ ಮಗಳು ಕೂತಿದ್ದಳು. ವಾಪಸು ಸ್ಟೇಷನ್ನಿಗೆ ಬಂದರೆ, ಟಾಂಗಾಗಳು ನಿಲ್ಲುತ್ತಿದ್ದ ಜಾಗದಲ್ಲಿ ಗುಂಡು ಬೆನ್ನಿನ ಒಂದು ಗಾಡಿ ನಿಂತಿತ್ತು. ಅರಿಶಿನದಂಥ ಹಳದಿ ಬಣ್ಣ, ಮುಂದೆ ನಿಂಬೆಕಾಯಿ, ಹಿಂದಿನ ಗಾಜಿಗೆ ಜರಿಯ ಪರದೆ. ಯಾರದೋ ಬಾಡಿಗೆ ಮೋಟಾರು. ಡಾಕ್ಟರು ಹೋದ ಮೇಲೆ ಅವರ ಮೋಟಾರನ್ನು ಮಾರಿದ್ದರು ಅಂತ ಕೇಳಿದ್ದೆ. ನನ್ನ ಕಾಲು ತಾನೇ ನಡೆಯಿತು. ಚಾಲಕನ ಬದಿಯ ಬಾಗಿಲು ತೆಗೆದು ಬಗ್ಗಿದೆ.

"ಏ ಯಾರ್‍ರಿ ನೀವು? ನಮ್ಮ ಬಾಗಲಾ ಯಾಕ ತಗಿತೀರಿ?" ಚಹಾದ ಗ್ಲಾಸು ಹಿಡಿದು ಡ್ರೈವರು ಓಡಿಬಂದ.

ಬೆಂಕಿಪೊಟ್ಟಣದಷ್ಟು ಜಾಗ ಅಲ್ಲೇ ಇತ್ತು. ಈಗ ನಾಲ್ಕು ಮೆಟ್ಟಿಲು. ಕೆಂಪು, ಹಳೆ ನೇರಳೆ, ನನ್ನ ಹೊಪ್ಪಳ, ಅದರ ಮೇಲೆ ಉಸ್ತಾದರ ನೇರಳೆ. ಹಳದಿಯನ್ನು ಅಂಚಿನ ತನಕ ತಂದು ಯಾರೋ ನಿಲ್ಲಿಸಿದ್ದರು.

"ಇಲ್ಲಿ ಯಾಕ ಬಿಟ್ಟೀರಿ?" ಅಂದೆ.

"ಅದಾ? ಹಚ್ಚಿದಾಂವ ಬಿಟ್ಟಾನ್ರಿ. ಯಾಕಪಾ ಅಂದ್ರ, ಮೊದಲಿನಾಂವ ಬಿಟ್ಟಾನ, ಏನೋ ಇರಬೇಕು, ನಾನೂ ಬಿಟ್ಟೆ ಅಂದ." ಡ್ರೈವರು ನನ್ನನ್ನು ಮೇಲೆ ಕೆಳಗೆ ನೋಡಿದ. "ಆ ಗೀರು ನೋಡ್ರಿ. ಯಾವನೋ ಹುಚ್ಚ ಈಳಿಗಿಲೆ ಕೆರೆದಂಗ ಅವ."

"ಹೌದ್ರಿ" ಅಂದೆ. "ಹಂಗೇ ಅವ."

ಬಾಗಿಲು ಮೆಲ್ಲಗೆ ಮುಚ್ಚಿದೆ. ಮುಚ್ಚಿತೋ ಇಲ್ಲವೋ ಅಂತ ಒಮ್ಮೆ ಜಗ್ಗಿ ನೋಡಿದೆ. ಒಮ್ಮೆ ಮಾತ್ರ.